ಅದು ಯಾರ ಮನೆ ಕುಕ್ಕರ್ ಕೂಗಿದ್ದು?

ನಿನ್ನೆ ನಮ್ಮ ಮನೆ ಸಾರಿನಲ್ಲಿ ಬೇಳೆ ಒಂದು ಕಡೆ, ನೀರು ಒಂದು ಕಡೆ. ತಪ್ಪು ನನ್ನದಲ್ಲ, ಮೇಲಿನ ಮನೆಯವರದು ಅಂದರೆ ನನ್ನ ಹೆಂಡತಿ ನಂಬುವುದಿಲ್ಲ. ನೀವಾದರೂ ನಂಬಿ.

ನಮ್ಮ ಅಡುಗೆಮನೆ ಹಿಂದೆ ಯುಟಿಲಿಟಿ ಅಂತ ಒಂದು ಜಾಗ ಇದೆಯಲ್ಲ, ವಾಷಿಂಗ್ ಮೆಷಿನ್ನು, ಸಿಲಿಂಡರು, ಹಳೇ ಪೇಪರಿನ ಕಟ್ಟು ಎಲ್ಲ ಒಂದನ್ನೊಂದು ಒತ್ತಿಕೊಂಡು ನಿಂತಿರುವ ಮೂರಡಿ ಅಗಲದ ಓಣಿ, ಅದರ ಗ್ರಿಲ್ಲಿನ ಆಚೆಗೆ ಡಕ್ಟು. ನಾಲ್ಕು ಮಹಡಿಯ ಅಡುಗೆಮನೆಗಳೆಲ್ಲ ಆ ಡಕ್ಟಿಗೇ ಬಾಯಿ ತೆರೆದುಕೊಂಡಿವೆ. ಬೆಳಗ್ಗೆ ಏಳೂವರೆ ಆಯಿತು ಅಂದರೆ ಅಲ್ಲಿ ಕುಕ್ಕರುಗಳ ಭಜನೆ. ನಿನ್ನೆ ಬ್ಯಾಂಕಿಗೆ ಹೊರಟವಳು ಚಪ್ಪಲಿ ಮೆಟ್ಟುತ್ತಾ, “ಐದು ಕೂಗಿದ ಮೇಲೆ ಆಫ್ ಮಾಡಿ” ಅಂದಳು. ನಾನು ಪೇಪರ್ ಓದುತ್ತಾ ಬೆರಳು ಮಡಿಸುತ್ತಾ ಕೂತೆ. ಐದಾಯಿತು, ಆಫ್ ಮಾಡಿದೆ. ಆ ಐದರಲ್ಲಿ ನಮ್ಮದು ಎರಡೇ. ಉಳಿದ ಮೂರು ಮೇಲಿನ ಮನೆಯ ರಾಜ್ಮಾದ್ದು.

ನಾನು ರಿಟೈರ್ ಆದ ಮೇಲೆ ಸೌಟು ಹಿಡಿದವನು. ಅದಕ್ಕೆ ಮುಂಚೆ ಕುಕ್ಕರುಗಳಿಗೂ ಒಂದೊಂದು ದನಿ ಇರುತ್ತೆ ಅಂತ ಗೊತ್ತೇ ಇರಲಿಲ್ಲ. ಈಗ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ನಮ್ಮದು ಸಂಕೋಚದ ಸ್ವಭಾವದ್ದು, ಮೊದಲು ಸ್ವಲ್ಪ ಉಗುಳಾಡಿ, ಹೇಳಲೋ ಬೇಡವೋ ಅಂತ ಯೋಚಿಸಿ ಆಮೇಲೆ ಕೂಗುತ್ತೆ. ಮೂರನೇ ಮಹಡಿಯದು ನೇರ ರೈಲೇ. ಕೆಳಗಿನ ಮನೆಯದು ಕೂಗುವುದೇ ಇಲ್ಲ, ಸುಸ್ ಸುಸ್ ಅಂತ ಗೊಣಗಿಕೊಂಡೇ ಅನ್ನ ಮಾಡಿ ಮುಗಿಸುತ್ತೆ. ಇಂಥ ಮನುಷ್ಯರೂ ಇರ್ತಾರೆ, ಅಲ್ವಾ? ಕುಕ್ಕರಿನ ಜೊತೆ ಬಂದ ಪುಸ್ತಕ ತೆಗೆದು ಓದಿದೆ. ಅದರಲ್ಲಿ ಕೂಗಿನ ಲೆಕ್ಕವೇ ಇಲ್ಲ! ಒತ್ತಡ ಪೂರ್ತಿ ಬಂದ ಮೇಲೆ ಉರಿ ಸಣ್ಣ ಮಾಡಿ ಇಷ್ಟು ನಿಮಿಷ ಅಂತಿದೆ. ಹೆಂಡತಿಗೆ ತೋರಿಸಿದೆ. “ಪುಸ್ತಕ ಬರೆದವರು ನಮ್ಮ ಮನೆ ಬೇಳೆ ಬೇಯಿಸಿದಾರಾ?” ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಅವಳು ಹೇಳಿದ್ದರಲ್ಲೂ ಹುರುಳಿದೆ ಅನ್ನಿ. ಈ ಬೆಂಗಳೂರಿನಲ್ಲಿ ಬೇಳೆ ಬೇಯಿಸೋದು ಸುಮ್ಮನೆ ಆಗುವ ಕೆಲಸ ಅಲ್ಲ. ನಾವಿರೋದು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲೆ, ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ಕುದಿಯೋದು ಸುಮಾರು 97 ಡಿಗ್ರಿಗೇ. ಮಂಗಳೂರಿನಲ್ಲಿ ಬೆಂದಷ್ಟು ಬೇಗ ಇಲ್ಲಿ ಬೇಯದು. ಕುಕ್ಕರಿನೊಳಗೆ 120ರ ಹತ್ತಿರ ಹೋಗುತ್ತೆ, ಅದಕ್ಕೇ ನಮ್ಮ ಮಾನ ಉಳಿದಿರೋದು. ಇನ್ನು ನೀರು. ನಮ್ಮ ಕಟ್ಟಡದಲ್ಲಿ ಕಾವೇರಿ ಬರುವ ದಿನ ಬೇರೆ, ಬೋರ್ ನೀರಿನ ದಿನ ಬೇರೆ. ಬೋರ್ ನೀರಿನ ಸುಣ್ಣದಂಶ ಬೇಳೆಯನ್ನು ಹಿಡಿದುಕೊಂಡುಬಿಡುತ್ತೆ, ಮೆತ್ತಗಾಗೋದಕ್ಕೇ ಬಿಡಲ್ಲ. ಅವತ್ತು ಐದು ಕೂಗಿನ ಬದಲು ಏಳು. ಕಾವೇರಿ ದಿನವಾದರೆ ಮೂರಕ್ಕೇ ಬೆಣ್ಣೆ. ಆ ನೀರಾದರೂ ಎಲ್ಲಿಯದು ಹೇಳಿ? ತೊರೆಕಾಡನಹಳ್ಳಿಯಿಂದ, ನೂರು ಕಿಲೋಮೀಟರ್ ದೂರ, 500 ಮೀಟರಿನಷ್ಟು ಎತ್ತರಕ್ಕೆ ಪಂಪಿನ ಮೇಲೆ ಪಂಪು ಹಾಕಿ ಹತ್ತಿಸಿದ್ದು. 1974ರಿಂದ ಹೀಗೇ ಹತ್ತಿ ಬರ್ತಾ ಇದೆ, ನನ್ನ ಒಂದು ಪಾವು ತೊಗರಿಬೇಳೆಗೋಸ್ಕರ. ನೆನೆಸಿಕೊಂಡರೆ ಮಿಕ್ಕ ಸಾರು ಚೆಲ್ಲೋಕೆ ಮನಸ್ಸೇ ಬರಲ್ಲ. ಅದಕ್ಕೇ ರಾತ್ರಿಗೂ ಅದೇ ಸಾರು. ಹೆಂಡತಿ ಇದನ್ನು ಸೋಮಾರಿತನ ಅಂತಾಳೆ.

ಕೊಪ್ಪದ ಹತ್ತಿರ ನಮ್ಮ ಅಜ್ಜಿಮನೆಯಲ್ಲಿ ಈ ಲೆಕ್ಕ ಯಾವುದೂ ಇರಲಿಲ್ಲ. ಬಾವಿ ನೀರು, ಸೌದೆ ಒಲೆ. ಬೇಳೆಗೆ ಚಿಟಿಕೆ ಅರಿಶಿನ, ಎರಡು ಹನಿ ಎಣ್ಣೆ ಬಿಟ್ಟು ಒಲೆ ಮೇಲಿಟ್ಟು ಅಜ್ಜಿ ಹೂ ಕೊಯ್ಯೋಕೆ ಹೋಗುತ್ತಿದ್ದಳು. ತಿರುಗಿ ಬಂದು ಒಂದು ಬೇಳೆ ತೆಗೆದು ಹೆಬ್ಬೆರಳು ತೋರುಬೆರಳಿನ ಮಧ್ಯೆ ಒತ್ತಿ ನೋಡಿ, “ಹೂಂ” ಅನ್ನುವಳು. ಆ ಹೂಂ ಬರುವವರೆಗೆ ಹುಣಸೆಹುಳಿಯ ಬಟ್ಟಲು ಮುಟ್ಟುವ ಹಾಗಿಲ್ಲ. ಬೇಯುವ ಮುಂಚೆ ಹುಳಿ ಬಿದ್ದರೆ ಬೇಳೆ ಮುನಿಸಿಕೊಳ್ಳುತ್ತೆ, ಆಮೇಲೆ ನೀನೇನು ಮಾಡಿದರೂ ಒಲಿಯಲ್ಲ ಅನ್ನೋಳು. ಒಂದು ಸಲ ನಾನು, ಎಂಟು ವರ್ಷದವನು, ಸಹಾಯ ಮಾಡುವ ಹುರುಪಿನಲ್ಲಿ ಬಟ್ಟಲು ಎತ್ತಿ ಸುರಿದುಬಿಟ್ಟೆ. ಮಧ್ಯಾಹ್ನ ಮೂರು ಗಂಟೆಗೆ ಊಟ. ಹನ್ನೆರಡು ಜನ, ಒಬ್ಬರೂ ನನ್ನ ಜೊತೆ ಮಾತಾಡಲಿಲ್ಲ.

ಆ ಅಡುಗೆಮನೆಯಲ್ಲಿ ಬೆಕ್ಕು ಕಳೆದುಹೋದರೆ ಹುಡುಕಬೇಕಿತ್ತು, ಅಷ್ಟು ದೊಡ್ಡದು. ನಮ್ಮದರಲ್ಲಿ ನಾನು ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತೆ. ಮೊದಮೊದಲು ಉಸಿರುಗಟ್ಟುತ್ತಿತ್ತು. ಈಗ ನೋಡಿ, ಇದರ ಸುಖವೇ ಸುಖ. ನಿಂತ ಜಾಗ ಬಿಟ್ಟು ಕದಲಬೇಕಾಗಿಲ್ಲ. ಎಡಗೈಗೆ ಒಗ್ಗರಣೆ ಡಬ್ಬಿ, ಬಲಗೈಗೆ ಫ್ರಿಜ್ಜು, ಹಿಂದಕ್ಕೆ ವಾಲಿದರೆ ಸಿಂಕು. ಗ್ರಿಲ್ಲಿಗೆ ತಂತಿಯಲ್ಲಿ ಕಟ್ಟಿರುವ ಡಬ್ಬದಲ್ಲಿ ದೊಡ್ಡಪತ್ರೆ, ನಾಲ್ಕೆಲೆ ಕಿತ್ತು ಹುರಿದು ತೆಂಗಿನಕಾಯಿ ಜೊತೆ ರುಬ್ಬಿ ಮಜ್ಜಿಗೆಗೆ ಹಾಕಿದರೆ ತಂಬುಳಿ. ಅಜ್ಜಿ ಇದೇ ತಂಬುಳಿಗೆ ಹಿತ್ತಿಲಿಗೆ ಹೋಗಿ, ಬಂದು, ಒರಳಿಗೆ ಹೋಗಿ, ಬಂದು... ಪಾಪ, ಏನು ನಡೆದಿದ್ದಾಳೋ.

ಒಂದೇ ತೊಂದರೆ ಅಂದರೆ ಇಲ್ಲಿ ಗುಟ್ಟಾಗಿ ಏನೂ ಮಾಡೋಕಾಗಲ್ಲ. ಕಳೆದ ತಿಂಗಳು ಸಾರಿನಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಹುರಿಯುತ್ತಿದ್ದೆ. ಬ್ಯಾಡಗಿ ಬಣ್ಣಕ್ಕೆ ಸರಿ, ಖಾರ ಸಾಲದು ಅಂತ ಒಂದು ಹಿಡಿ ಗುಂಟೂರೂ ಹಾಕಿದೆ. ಫೋನ್ ಬಂತು, ತಿರುಗಿದೆ, ಅಷ್ಟೇ. ಘಾಟು ಅಂದರೆ ಘಾಟು! ಡಕ್ಟಿನಲ್ಲಿ ಮೇಲಿಂದ ಕೆಳಗಿನವರೆಗೆ ಸಾಲಾಗಿ ಸೀನು. ಲಿಫ್ಟಿನಲ್ಲಿದ್ದವರು ಕೆಮ್ಮುತ್ತಾ ಇಳಿದರಂತೆ. ವಾಚ್‌ಮನ್ ಬಂದು ಬಾಗಿಲಲ್ಲಿ ನಿಂತು, “ಸಾರ್, ಏನಾದ್ರೂ ಸುಟ್ಟೋಯ್ತಾ?” ಅಂದ. ಇಲ್ಲಪ್ಪ, ಸಾರಿನಪುಡಿ ಅಂದೆ. ಅವನು ಒಂದು ಸಲ ಮೂಗೆಳೆದುಕೊಂಡು, “ಕೊತ್ತಂಬರಿ ಕಮ್ಮಿ ಆಗಿದೆ ಸಾರ್” ಅಂದುಬಿಟ್ಟ! ಕಮ್ಮಿಯೇ ಆಗಿತ್ತು.

ಎದುರು ಮನೆಯವರು ಬಾಗಲಕೋಟೆ ಕಡೆಯವರು. ರಾತ್ರಿ ಎಂಟಕ್ಕೆ ಸರಿಯಾಗಿ ಅವರ ಮನೆಯಿಂದ ತಪ್ ತಪ್ ತಪ್ ಶುರು. ಅವರ ಕೆಳಗಿನ ಮನೆಗೆ ಹೊಸದಾಗಿ ಬಂದ ಹುಡುಗ, ಒಬ್ಬನೇ ಇರೋನು, ಮೇಲಿನವರು ದಿನಾ ಗೋಡೆಗೆ ಮೊಳೆ ಹೊಡೀತಾರೆ ಅಂತ ದೂರು ಕೊಟ್ಟ. ಪಂಚಾಯ್ತಿಗೆ ಅಂತ ನಾನೂ ಹೋದೆ. ಅಲ್ಲಿ ನೋಡಿದರೆ ಅಕ್ಕಾವ್ರು ಜೋಳದ ರೊಟ್ಟಿ ಬಡೀತಿದ್ದಾರೆ. “ಅಣ್ಣಾರ, ಗೋಧಿ ಆದ್ರ ಲಟ್ಟಿಸಬಹುದ್ರಿ. ಜ್ವಾಳಕ್ಕ ಜಿಗಿ ಎಲ್ಲಿರತದ? ಕುದಿಯೋ ಎಸರು ಹಾಕಿ ನಾದಿ ಬಡದ್ರೇನ ರೊಟ್ಟಿ. ಸಪ್ಪಳ ಆಗ್ಲಾರ್ದಂಗ ಹ್ಯಾಂಗ ಬಡೀಲ್ರಿ?” ಅಂತ ಕೇಳುತ್ತಲೇ ಹಂಚಿನ ಮೇಲಿನ ರೊಟ್ಟಿಗೆ ನೀರಿನ ಬಟ್ಟೆ ಸವರಿ, ತಿರುವಿ, ಉಬ್ಬಿಸಿ, ಎಣ್ಣೆಗಾಯಿ ಜೊತೆ ಆ ಹುಡುಗನ ಕೈಗೆ ಕೊಟ್ಟರು. ನನಗೂ ಒಂದು. ದೂರು ಅಲ್ಲಿಗೇ ನಿಂತಿತು. ಈಗ ಅವನೂ ಕೂತು ಬಡಿತ ಎಣಿಸ್ತಾನಂತೆ. ಮೊನ್ನೆ ಮೆಟ್ಟಿಲ ಮೇಲೆ ಸಿಕ್ಕಿದಾಗ ಮುಖ ಸಣ್ಣ ಮಾಡಿಕೊಂಡು, “ಇವತ್ತು ಆರೇ ರೊಟ್ಟಿ ಅಂಕಲ್” ಅಂದ. ಆರಾದರೆ ಅವರ ಮನೆಯವರಿಗೆ ಮಾತ್ರ ಅಂತ ಅರ್ಥ.

ಇನ್ನು ಅವರೆಕಾಯಿ ಕಾಲ ಬಂತೂಂದ್ರೆ ಕೇಳಲೇಬೇಡಿ. ಡಿಸೆಂಬರಿನಲ್ಲಿ ಮಂಜು ಬೀಳೋಕೆ ಶುರುವಾದರೆ ಸೊಗಡು ಜಾಸ್ತಿ ಅಂತಾರೆ. ಸಜ್ಜನ್ ರಾವ್ ವೃತ್ತದ ಅವರೆಬೇಳೆ ಮೇಳ ಇತ್ತೀಚೆಗೆ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂದಿದೆಯಲ್ಲ, ಅಲ್ಲಿ ಅವರೆಬೇಳೆ ಜಿಲೇಬಿ ಕೂಡ ಮಾಡ್ತಾರೆ. ತಿಂದೆ. ಜಿಲೇಬಿಯ ಹಾಗೇ ಇತ್ತು. ಅದಕ್ಕೆ ಅವರೆಯನ್ನು ಯಾಕೆ ಗೋಳು ಹುಯ್ದುಕೊಂಡರೋ! ಅವರೆಗೆ ತಕ್ಕ ಮರ್ಯಾದೆ ಅಂದರೆ ಹಿತಕಿದ ಬೇಳೆ ಹುಳಿಯೇ. ಕಾಯಿ ಬಿಡಿಸಿ, ಕಾಳು ರಾತ್ರಿ ನೆನೆಹಾಕಿ, ಬೆಳಗ್ಗೆ ಒಂದೊಂದನ್ನೇ ಹಿತುಕುತ್ತಾ ಕೂರಬೇಕು. ಕೈಯೊಳಗೆ ಹಿಡಿದು ಹಿತುಕಿದರೆ ಪಾತ್ರೆಗೆ ಬೀಳುತ್ತೆ, ಮಾತಾಡುತ್ತಾ ಹಿತುಕಿದರೆ ಟೀವಿಗೆ ಹೋಗಿ ಬಡಿಯುತ್ತೆ. ಹಬ್ಬಕ್ಕೆ ಮನೆ ಗುಡಿಸುವಾಗ ಸೋಫಾ ಕೆಳಗೆ ಸಿಕ್ಕಿದ ಕಾಳುಗಳಲ್ಲಿ ಒಂದು ಹೊತ್ತಿನ ಪಲ್ಯ ಆಗುತ್ತಿತ್ತು.

ಸಿಪ್ಪೆಯದೇ ಕಷ್ಟ. ಎರಡು ಕೆಜಿ ಕಾಯಿ ತಂದರೆ ಮನೆ ತುಂಬ ಸಿಪ್ಪೆ, ಕಾಳು ಒಂದು ಪಾತ್ರೆ. ಅಜ್ಜಿಮನೆಯಲ್ಲಾದರೆ ಕೊಟ್ಟಿಗೆಗೆ ಸುರಿದರೆ ಸಾಕಿತ್ತು, ಕೌಲಿ ಕತ್ತು ಚಾಚಿ ಕಾಯ್ತಾ ಇರೋಳು. ಇಲ್ಲಿ ಹಸಿ ಕಸದ ಹಸಿರು ಬಕೆಟ್ಟು ತುಂಬಿ, ಆಮೇಲೆ ಪಾಯಸದ ಪಾತ್ರೆ ತುಂಬಿ, ಕಡೆಗೆ ಬೆಳಗ್ಗೆ ಕಸದ ಗಾಡಿಯವಳ ಮುಂದೆ ನಾನು ಮೂರು ಪಾತ್ರೆ ಹಿಡಿದು ನಿಂತಿದ್ದೆ. “ಏನ್ ಸಾಮಿ, ಅವರೆಕಾಳು ಸಾರಾ?” ಅಂದಳು. ಕಸ ನೋಡಿ ಸಾರು ಹೇಳೋಳು ಅವಳು. ಡಕ್ಟಿನ ವಾಸನೆಯನ್ನಾದರೂ ತಡೆಯಬಹುದು, ಇವಳ ಕಣ್ಣು ತಪ್ಪಿಸೋದು ಹೇಗೆ?

ಹುಳಿ ಚೆನ್ನಾಗೇ ಬಂತು, ನಾನೇ ಹೇಳಿಕೊಳ್ಳಬಾರದು. ಎದುರು ಮನೆಗೆ ಒಂದು ಬಟ್ಟಲು ಕೊಟ್ಟೆ. ಬಟ್ಟಲು ತಿರುಗಿ ಬಂದಾಗ ಅದರಲ್ಲಿ ಅಗಸಿ ಚಟ್ನಿಪುಡಿ. ಬರಿದು ಬಟ್ಟಲು ಹಿಂದಕ್ಕೆ ಕೊಡಬಾರದು, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡಬೇಕು ಅನ್ನೋದು ಅಲ್ಲೂ ಇದೆ, ಇಲ್ಲೂ ಇದೆ. ಹಾಗಾಗಿ ಆ ಬಟ್ಟಲು ಒಂದು ವರ್ಷದಿಂದ ಓಡಾಡ್ತಾನೇ ಇದೆ. ಮಾವಿನಕಾಯಿ ಚಿತ್ರಾನ್ನ ಹೋಗಿ ಶೇಂಗಾ ಹೋಳಿಗೆ ಬಂತು, ಕೋಡುಬಳೆ ಹೋಗಿ ಗುರೆಳ್ಳು ಚಟ್ನಿ ಬಂತು.

ನಿನ್ನೆ, ಆ ಬೇಯದ ಬೇಳೆಯ ಸಿಟ್ಟಿಗೆ, ಆ ಬಟ್ಟಲನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದೆ. ತಳದಲ್ಲಿ ಏನೋ ಚುಕ್ಕೆಚುಕ್ಕೆ ಕೆತ್ತಿದ ಅಕ್ಷರ. ಹಿಂದೆಲ್ಲ ಪಾತ್ರೆ ಅಂಗಡಿಯಲ್ಲಿ ಕರ್ ಅಂತ ಮೆಷಿನ್ ಹಿಡಿದು ಹೆಸರು ಹಾಕಿಕೊಡುತ್ತಿದ್ದರಲ್ಲ, ಅದೇ. ಕನ್ನಡಕ ಹಾಕಿಕೊಂಡು ನೋಡಿದೆ. “ಸೀಮಂತದ ನೆನಪಿಗೆ”, ಕೆಳಗೆ ಎರಡು ಇನಿಷಿಯಲ್ಲು. ನಮ್ಮ ಮನೆಯಲ್ಲಿ ಆ ಅಕ್ಷರದವರು ಯಾರೂ ಇಲ್ಲ. ಹೆಂಡತಿಯನ್ನು ಕೇಳಿದೆ, ಎದುರು ಮನೆಯವರದಿರಬೇಕು ಅಂದಳು. ಬಾಗಿಲು ತಟ್ಟಿ ಅಕ್ಕಾವ್ರನ್ನು ಕೇಳಿದೆ. “ಅಯ್ಯ, ಅದು ನಿಮ್ದಲ್ಲೇನ್ರಿ ಅಣ್ಣಾರ? ನಿಮ್ದಂತ ತಿಳ್ದು ನಾ ಹುಷಾರಾಗಿ ಇಟ್ಕೊಂತಿದ್ದೆ” ಅಂದರು.

ಮೇಲಿನ ಮನೆಯವರದಂತೂ ಅಲ್ಲ, ಅವರು ಕನ್ನಡದವರಲ್ಲ. ಇವತ್ತು ಸಂಜೆ ಒಂದಿಷ್ಟು ಸಾರಿನಪುಡಿ ಹಾಕಿ ಅವರಿಗೇ ಕೊಟ್ಟುಬರೋಣ ಅಂತಿದೀನಿ. ಹೇಗೂ ಅವರ ಮೂರು ಕೂಗು ನನ್ನ ಲೆಕ್ಕದಲ್ಲಿದೆಯಲ್ಲ.