ಉಳಿದ ಇಪ್ಪತ್ತು ನಿಮಿಷ

ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಮುಂದೆ ನಿಂತು, ನಲವತ್ತು ದಾಟಿದ ಯಾರನ್ನಾದರೂ ತಡೆದು ‘ಮೊಜಾರ್ಟನ ಇಪ್ಪತ್ತೈದನೆಯ ಸಿಂಫನಿ ಕೇಳಿದ್ದೀರಾ?’ ಎಂದರೆ, ಇದು ವಿಮೆ ಪಾಲಿಸಿ ಮಾರುವ ಹೊಸ ಉಪಾಯವಿರಬೇಕೆಂದು ಅವರು ಹೆಜ್ಜೆ ಚುರುಕು ಮಾಡುತ್ತಾರೆ. ಅದೇ ಸಿಂಫನಿಯ ಎರಡು ಸಾಲು ಗುನುಗಿದರೆ ಸಾಕು, ಗಕ್ಕನೆ ನಿಂತು ‘ಟೈಟಾನ್ ಅಲ್ವಾ?’ ಎನ್ನುತ್ತಾರೆ, ಕೆಲವರು ಅಭ್ಯಾಸಬಲದಿಂದ ಗಂಟೆಯನ್ನೂ ನೋಡಿಕೊಂಡಾರು. 1773ರಲ್ಲಿ ಸಾಲ್ಜ್‌ಬರ್ಗಿನಲ್ಲಿ ಹುಟ್ಟಿದ ಆ ಸ್ವರಗಳು ಹೊಸೂರಿನ ಗಡಿಯಾರ ಕಾರ್ಖಾನೆಯ ಜಾಹೀರಾತನ್ನೇರಿ, ದೂರದರ್ಶನದ ಕೃಪೆಯಿಂದ ಬನಶಂಕರಿಯ ಹಜಾರಗಳಿಗೆ ಬಂದು ಕೂತವು. ಅದನ್ನು ಬರೆದಾಗ ಮೊಜಾರ್ಟನಿಗೆ 17 ವರ್ಷ. ನಮ್ಮ ಲೆಕ್ಕದಲ್ಲಿ ಸೆಕೆಂಡ್ ಪಿಯುಸಿ. ಸಾಲ್ಜ್‌ಬರ್ಗಿನಲ್ಲಿ ಸಿಇಟಿ ಕೋಚಿಂಗ್ ಇರಲಿಲ್ಲವಾಗಿ ಹುಡುಗನಿಗೆ ಬಿಡುವಿತ್ತು. 1984ರ ‘ಅಮೇಡಿಯಸ್’ ಚಿತ್ರವೂ ಅದೇ ಸಿಂಫನಿಯೊಂದಿಗೆ ತೆರೆದುಕೊಂಡಿತ್ತು. ಇಷ್ಟಾದರೂ ಆ ಕೃತಿಗೆ ನಾಲ್ಕು ಚಲನೆಗಳಿವೆ, ಪೂರ್ತಿ ಕೇಳಲು ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಬೇಕು ಎನ್ನುವುದು ನಮ್ಮ ಕಿವಿಗೆ ಬಿದ್ದೇ ಇಲ್ಲ. ನಮಗೆ ಗೊತ್ತಿರುವುದು ಗಡಿಯಾರ ಕೊಳ್ಳಲು ಎಷ್ಟು ಬೇಕೋ ಅಷ್ಟು. ನನ್ನ ವಾದ ಇಲ್ಲಿಂದಲೇ ಶುರು. ಶಾಸ್ತ್ರೀಯ ಸಂಗೀತ ನಮ್ಮ ಕಡೆಯ ಬಹುಪಾಲು ಮನೆಗಳನ್ನು ಹೊಕ್ಕಿರುವುದು ಸಿನಿಮಾ ಮತ್ತು ಜಾಹೀರಾತೆಂಬ ಹಿತ್ತಿಲ ಬಾಗಿಲಿನಿಂದ. ಆದ್ದರಿಂದ ದಕ್ಷಿಣ ಬೆಂಗಳೂರಿನ ವಿಶ್ವವಿದ್ಯಾಲಯವೊಂದರ ಹುಡುಗ ಹುಡುಗಿಯರು ವಾದ್ಯವೃಂದ ಕಟ್ಟುವುದಾದರೆ, ಸಿನಿಮಾದಲ್ಲಿ ಬಂದ ಶಾಸ್ತ್ರೀಯ ಸಂಗೀತವನ್ನೇ ಮೊದಲು ಕೈಗೆತ್ತಿಕೊಳ್ಳಬೇಕು. ಷರತ್ತು ಒಂದೇ: ಸಿನಿಮಾ ಕತ್ತರಿಸಿ ಬಿಟ್ಟದ್ದನ್ನೂ ನುಡಿಸಬೇಕು.

ಸಿನಿಮಾದವರ ಕತ್ತರಿ ಎಷ್ಟು ಹರಿತವೆಂದು ನೋಡಿ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಸೂರ್ಯ ಮೂಡುವಾಗ ಮೊಳಗುವುದು ರಿಚರ್ಡ್ ಸ್ಟ್ರಾಸ್ 1896ರಲ್ಲಿ ಮುಗಿಸಿದ ಅರ್ಧ ಗಂಟೆಯ ಕೃತಿ. ಚಿತ್ರಕ್ಕೆ ಬೇಕಾದದ್ದು ಅದರ ಬಾಗಿಲು ತೆರೆಯುವ ಸದ್ದು ಮಾತ್ರ, ಎರಡು ನಿಮಿಷದೊಳಗೆ ಮುಗಿಯುತ್ತದೆ. ಮೊಜಾರ್ಟ್ 1785ರಲ್ಲಿ ಬರೆದ ಇಪ್ಪತ್ತೊಂದನೆಯ ಪಿಯಾನೊ ಕಾನ್ಸರ್ಟೊದ ಗತಿ ಇನ್ನೂ ವಿಚಿತ್ರ. 1967ರಲ್ಲಿ ‘ಎಲ್ವಿರಾ ಮಡಿಗನ್’ ಎಂಬ ಸ್ವೀಡಿಷ್ ಚಿತ್ರ ಅದರ ನಡುವಿನ ಚಲನೆಯನ್ನು ಬಳಸಿಕೊಂಡ ಮೇಲೆ, ಕಾನ್ಸರ್ಟೊಗೇ ‘ಎಲ್ವಿರಾ ಮಡಿಗನ್’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಮನೆಯೊಡೆಯನನ್ನು ಬಾಡಿಗೆದಾರನ ಹೆಸರಿನಿಂದ ಕರೆಯುವುದು ಬಿಟಿಎಂ ಲೇಔಟಿನಲ್ಲೂ ನಡೆಯುವುದಿಲ್ಲ. ನಮ್ಮ ದೇಶದಲ್ಲಿ ಸಲೀಲ್ ಚೌಧರಿ 1961ರ ‘ಛಾಯಾ’ ಚಿತ್ರಕ್ಕೆ ಮೊಜಾರ್ಟನ ನಲವತ್ತನೆಯ ಸಿಂಫನಿಯ ಮೊದಲ ತಿರುವನ್ನು ತಂದು ಲತಾ ಮಂಗೇಶ್ಕರ್ ಮತ್ತು ತಲತ್ ಮೆಹಮೂದರ ಬಾಯಿಗಿಟ್ಟರು. ರೇಡಿಯೊದಲ್ಲಿ ಬಿನಾಕಾ ಕೇಳುತ್ತಿದ್ದ ತಲೆಮಾರು ಅಂದಿನಿಂದಲೂ ಆ ಸಿಂಫನಿಯ ಆರಂಭವನ್ನು ಬಲ್ಲದು, ಮುಂದಿನದು ತಿಳಿಯದು. ಹಾಡು ಮುಗಿಯುವ ಜಾಗದಲ್ಲಿ ಮೊಜಾರ್ಟ್ ಇನ್ನೂ ಪೀಠಿಕೆ ಹಾಕುತ್ತಿರುತ್ತಾನೆ.

ಪರದೇಶದ ಮಾತು ನಮಗೇಕೆ ಎನ್ನುವವರು ಮನೆಯ ಅಂಗಳವನ್ನೇ ನೋಡಬಹುದು. ತ.ರಾ.ಸು. ಅವರು ಚಿತ್ರದುರ್ಗದ ಸಂಗೀತಗಾರನೊಬ್ಬನ ಕಥೆಯನ್ನು ‘ಹಂಸಗೀತೆ’ಯೆಂದು ಬರೆದರು. ಆ ಕನ್ನಡ ಕಾದಂಬರಿ ಮೊದಲು ಹಿಂದಿಗೆ ಹೋಗಿ 1956ರಲ್ಲಿ ‘ಬಸಂತ್ ಬಹಾರ್’ ಆಯಿತು. ಅದರಲ್ಲಿ ದರ್ಬಾರಿನ ಸಂಗೀತ ಸ್ಪರ್ಧೆಯ ದೃಶ್ಯವಿದೆ. ನಾಯಕನಿಗೆ ದನಿ ಮನ್ನಾ ಡೇ ಅವರದು, ಎದುರಾಳಿಗೆ ದನಿ ನಮ್ಮ ಗದಗಿನ ಭೀಮಸೇನ ಜೋಶಿಯವರದು. ಸಿನಿಮಾ ಅಂದಮೇಲೆ ನಾಯಕ ಗೆಲ್ಲಲೇಬೇಕಲ್ಲ! ಜೋಶಿಯವರನ್ನು ಹಾಡಿ ಸೋಲಿಸಬೇಕೆಂದು ಗೊತ್ತಾದಾಗ ಊರು ಬಿಟ್ಟು ಹೋಗೋಣ ಅನ್ನಿಸಿತ್ತೆಂದು ಮನ್ನಾ ಡೇ ಅವರೇ ಹೇಳಿಕೊಂಡಿದ್ದಾರೆ. ಕೊನೆಗೂ ಹಾಡಿದರು, ಗೆದ್ದರು. ಕನ್ನಡದ ಕಥೆಯಲ್ಲಿ ಕನ್ನಡದ ಗಾಯಕ ಸೋತದ್ದು ಹೀಗೆ. ಮುಂದೆ ಅವರಿಗೇ ಭಾರತ ರತ್ನ ಬಂದದ್ದರಿಂದ ಆ ತೀರ್ಪು ಮೇಲ್ಮನವಿಯಲ್ಲಿ ರದ್ದಾಯಿತೆಂದು ಭಾವಿಸೋಣ. ಅದೇ ಜೋಶಿಯವರು 1966ರಲ್ಲಿ, ಅ.ನ.ಕೃ. ಕಾದಂಬರಿ ಆಧರಿಸಿದ ‘ಸಂಧ್ಯಾರಾಗ’ಕ್ಕೆ ಕನ್ನಡದಲ್ಲಿ ಹಾಡಿದರು. ‘ಹಂಸಗೀತೆ’ ಕಡೆಗೂ ತವರಿಗೆ ಮರಳಿದ್ದು 1975ರಲ್ಲಿ, ಜಿ.ವಿ. ಅಯ್ಯರ್ ನಿರ್ದೇಶನದಲ್ಲಿ. ಅದರ ಗಾಯನಕ್ಕೆ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 1977ರ ‘ಸನಾದಿ ಅಪ್ಪಣ್ಣ’ದಲ್ಲಿ ರಾಜ್‌ಕುಮಾರ್ ಕೈಯಲ್ಲಿ ಹಿಡಿದ ಶಹನಾಯಿಗೆ ಉಸಿರು ಕೊಟ್ಟವರು ಸಾಕ್ಷಾತ್ ಬಿಸ್ಮಿಲ್ಲಾ ಖಾನ್. 1992ರ ‘ಜೀವನ ಚೈತ್ರ’ದ ಹಾಡಿಗೆ ರಾಜ್‌ಕುಮಾರ್ ಅವರೇ ರಾಷ್ಟ್ರಪ್ರಶಸ್ತಿ ಪಡೆದರು. ಇವರನ್ನೆಲ್ಲ ಸಾಲಾಗಿ ಕೂರಿಸಿದರೆ ಯಾವ ಸಂಗೀತೋತ್ಸವದ ಕರಪತ್ರಕ್ಕೂ ಕಡಿಮೆಯಾಗದು. ಟಿಕೆಟ್ಟು ಮಾತ್ರ ಗಾಂಧಿ ಕ್ಲಾಸಿನದು.

ಮೈಸೂರು ವಾಸುದೇವಾಚಾರ್ಯರ ಖಮಾಚ್ ಕೃತಿಯ ಕಥೆಯನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಆಚಾರ್ಯರು (1865–1961) ನಮ್ಮ ಅರಮನೆಯ ಆಸ್ಥಾನ ವಿದ್ವಾಂಸರು. ತೆಲುಗಿನಲ್ಲಿ ರಚಿಸಿದ ಅವರ ‘ಬ್ರೋಚೇವಾರೆವರುರಾ’ ಕಛೇರಿಗಳಲ್ಲಿ ಮೊದಲೇ ಪ್ರಿಯವಾಗಿತ್ತು. 1980ರಲ್ಲಿ ಕೆ. ವಿಶ್ವನಾಥರ ‘ಶಂಕರಾಭರಣಂ’ ಬಂತು, ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ವಾಣಿ ಜಯರಾಂ ಅದನ್ನು ಹಾಡಿದರು, ಆಮೇಲೆ ಅದು ತರಕಾರಿ ಗಾಡಿಯವರೆಗೂ ಇಳಿಯಿತು. ಅಂದಿನಿಂದ ವಿದ್ವಾಂಸರು ವೇದಿಕೆಯ ಮೇಲೆ ಆ ಕೃತಿಯನ್ನು ಎತ್ತಿಕೊಂಡ ಕೂಡಲೇ ಸಭೆಯಲ್ಲಿ ಒಂದು ಮುಗುಳ್ನಗೆ ಹರಡುತ್ತದೆ. ಅರ್ಧ ಸಭೆ ಆಚಾರ್ಯರನ್ನು ನೆನೆದು ನಗುತ್ತದೆ, ಉಳಿದರ್ಧ ಚಿತ್ರದ ನಾಯಕ ಶಂಕರಶಾಸ್ತ್ರಿಯನ್ನು ನೆನೆದು. ನಗೆಯನ್ನು ನೋಡಿ ಯಾವುದು ಯಾರದೆಂದು ಬೇರ್ಪಡಿಸುವ ವಿಮರ್ಶಕ ಇನ್ನೂ ಹುಟ್ಟಿಲ್ಲ. ಮುಖ್ಯವಾದ ಮಾತೆಂದರೆ, ಆಲಾಪನೆ, ಚಿಟ್ಟೆಸ್ವರ, ಕಲ್ಪನಾಸ್ವರ ಎಲ್ಲ ಸೇರಿ ಅರ್ಧ ಗಂಟೆ ಬೆಳೆಯಬಲ್ಲ ಆ ಕೃತಿಯ ಕೆಲವೇ ನಿಮಿಷ ಸಿನಿಮಾದ್ದು. ಆ ಕೆಲವು ನಿಮಿಷದ ಬಲದಿಂದಲೇ ಎಷ್ಟೋ ಜನ ಸಭೆಗೆ ಬಂದು ಉಳಿದದ್ದನ್ನು ಕೇಳಿದರು.

ಇನ್ನು ಆಕ್ಷೇಪಗಳು. ಮೊದಲನೆಯದು ಮಡಿವಂತರದು. ಕಾಲೇಜಿನ ಹುಡುಗರ ಕೈಗೆ ಸಿನಿಮಾದ ಶಾಸ್ತ್ರೀಯ ಕೊಟ್ಟರೆ ಸಂಪ್ರದಾಯ ಕೆಡುತ್ತದೆ, ಕೇಳಲು ಬಂದವರು ಶಿಳ್ಳೆ ಹೊಡೆಯುತ್ತಾರೆ ಎಂದು. ಸಂಪ್ರದಾಯದ ಮಾತು ಬಂದದ್ದರಿಂದ ತ್ರಿಮೂರ್ತಿಗಳಿಗೇ ಹೋಗೋಣ. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡಿನ ಧಾಟಿಗಳನ್ನು ಕೇಳಿ ಅವಕ್ಕೆ ಸಂಸ್ಕೃತ ಸಾಹಿತ್ಯ ಕೂರಿಸಿದರು, ಅವೇ ನೊಟ್ಟುಸ್ವರಗಳು. ಬ್ರಿಟಿಷ್ ರಾಜಗೀತೆಯ ಧಾಟಿಯೇ ಅವುಗಳಲ್ಲಿ ಒಂದಕ್ಕೆ ಆಧಾರ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲು ಕಲಿತರು, ಇಂದು ಅದಿಲ್ಲದೆ ಕಛೇರಿಯೇ ಇಲ್ಲ. ಆ ಕಾಲದ ಬ್ಯಾಂಡೆಂದರೆ ಇಂದಿನ ಸಿನಿಮಾಕ್ಕೆ ಸಮ: ಬೀದಿಯಲ್ಲಿ ಎಲ್ಲರ ಕಿವಿಗೂ ಬೀಳುತ್ತಿದ್ದ ಜೋರು ಸದ್ದು. ದೀಕ್ಷಿತರಿಗೆ ಆಗದ ಮೈಲಿಗೆ ಜೆ.ಪಿ. ನಗರದ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಹೇಗೆ ತಟ್ಟೀತು? ಶಿಳ್ಳೆಯ ವಿಚಾರಕ್ಕೆ ಬಂದರೆ, ಹೊಡೆಯುವವನು ಕಡೇಪಕ್ಷ ಕೂತಿರುತ್ತಾನೆ. ಮೃದಂಗದವರು ತನಿ ಆವರ್ತನ ಶುರು ಮಾಡಿದಾಗ ಕ್ಯಾಂಟೀನಿನ ಕಡೆ ಮೆಲ್ಲಗೆ ಜಾರುವ ಪಂಚೆ, ಸೀರೆಗಳ ಮೆರವಣಿಗೆಗೆ ಹೋಲಿಸಿದರೆ ಶಿಳ್ಳೆ ಎಷ್ಟೋ ವಿನಯದ ನಡವಳಿಕೆ.

ಎರಡನೆಯ ಆಕ್ಷೇಪ ನಿಯಮದ್ದು. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ಯುವಜನೋತ್ಸವದಲ್ಲಿ ಶಾಸ್ತ್ರೀಯ ಗಾಯನವಿದೆ, ವಾದನವಿದೆ, ಪಾಶ್ಚಾತ್ಯ ಗಾಯನವಿದೆ, ಜಾನಪದ ವಾದ್ಯವೃಂದವೂ ಇದೆ. ಆದರೆ ಸುಗಮ ಸಂಗೀತದ ಸ್ಪರ್ಧೆಗೆ ಚಿತ್ರಗೀತೆ ನಿಷಿದ್ಧ. ಸ್ಪರ್ಧೆಗೆ ಈ ನಿಯಮ ಸರಿಯೇ. ಇಲ್ಲದಿದ್ದರೆ ತೀರ್ಪುಗಾರರು ಬೆಳಗಿನಿಂದ ಸಂಜೆಯವರೆಗೆ ಆ ವರ್ಷದ ಒಂದೇ ಹಿಟ್ ಹಾಡನ್ನು ನಲವತ್ತು ಕಂಠಗಳಲ್ಲಿ ಕೇಳಬೇಕಾದೀತು. ತೊಂದರೆ ಬಂದಿರುವುದು, ಸ್ಪರ್ಧೆಗೆಂದು ಹಾಕಿದ ಬೇಲಿಯನ್ನು ಕಾಲೇಜುಗಳು ಅಭಿರುಚಿಯ ಬೇಲಿಯೆಂದು ತಿಳಿದದ್ದರಿಂದ. ಕ್ಯಾಂಪಸ್ಸಿನಲ್ಲಿ ಈಗ ಎರಡೇ ಬಗೆ. ಒಂದು, ಸರಸ್ವತಿ ಪೂಜೆಯ ದಿನ ಹಾಡುವ ವರ್ಣ. ಇನ್ನೊಂದು, ಫೆಸ್ಟಿನ ರಾತ್ರಿ ಎದೆಗೂಡು ನಡುಗಿಸುವ ರಾಕ್ ಬ್ಯಾಂಡ್. ನಡುವೆ ಇರುವ ಎಕರೆಗಟ್ಟಲೆ ಜಾಗ ಖಾಲಿ ಬಿದ್ದಿದೆ. ದಕ್ಷಿಣ ಬೆಂಗಳೂರಿನಲ್ಲಿ ಖಾಲಿ ಜಾಗವನ್ನು ಹೀಗೆ ಬಿಡುವುದು ನಮ್ಮ ಸ್ವಭಾವಕ್ಕೇ ವಿರುದ್ಧ.

ಮೂರನೆಯ ಆಕ್ಷೇಪಕ್ಕೆ ನಿಜವಾದ ತೂಕವಿದೆ. ನಮ್ಮ ಸಂಗೀತ ಒಬ್ಬರ ಮನೋಧರ್ಮದ್ದು, ಗಮಕದ್ದು; ಇಪ್ಪತ್ತು ಜನ ಕೂಡಿ ನುಡಿಸಿದರೆ ರಾಗ ಸತ್ತೇ ಹೋಗುತ್ತದೆ ಎಂದು ವಿದ್ವಾಂಸರು ಹೇಳುತ್ತಾರೆ. ‘ಹಂಸಗೀತೆ’ಯ ನಾಯಕ ಭೈರವಿ ವೆಂಕಟಸುಬ್ಬಯ್ಯನ ಭೈರವಿಯನ್ನೇ ತೆಗೆದುಕೊಳ್ಳಿ. ಆರೋಹಣದಲ್ಲಿ ಒಂದು ಧೈವತ, ಅವರೋಹಣದಲ್ಲಿ ಇನ್ನೊಂದು. ಯಾವ ಸ್ವರವೂ ಇದ್ದಲ್ಲಿ ಇರುವುದಿಲ್ಲ. ಇಪ್ಪತ್ತು ಪಿಟೀಲುಗಳು ಇಪ್ಪತ್ತು ಗುರುಗಳಿಂದ ಕಲಿತ ಇಪ್ಪತ್ತು ಗಾಂಧಾರಗಳನ್ನು ಒಟ್ಟಿಗೆ ತೂಗಾಡಿಸಿದರೆ ಕೇಳುವವರಿಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ನೆನಪಾಗದೆ ಇರದು. ಈ ಮಾತನ್ನು ಒಪ್ಪುತ್ತೇನೆ, ಭೈರವಿಯನ್ನು ವಾದ್ಯವೃಂದದಿಂದ ಕಾಪಾಡೋಣ. ಆದರೆ ಹಂಸಧ್ವನಿ ಇದೆ, ಮೋಹನ ಇದೆ, ಶಂಕರಾಭರಣ ಇದೆ. ಸ್ವರಗಳು ತಕ್ಕಮಟ್ಟಿಗೆ ನೆಟ್ಟಗೆ ನಿಲ್ಲುವ ರಾಗಗಳು. ಸಲೀಲ್ ಚೌಧರಿಯವರೇ 1956ರ ‘ಪರಿವಾರ್’ ಚಿತ್ರದಲ್ಲಿ ದೀಕ್ಷಿತರ ‘ವಾತಾಪಿ’ಯ ಹಂಸಧ್ವನಿಯನ್ನು ಹಿಂದಿ ಹಾಡಾಗಿಸಿದ್ದರು. ಆಕಾಶವಾಣಿ 1952ರಲ್ಲೇ ದೆಹಲಿಯಲ್ಲಿ ವಾದ್ಯವೃಂದ ಕಟ್ಟಿ ರವಿಶಂಕರ್ ಮತ್ತು ಟಿ.ಕೆ. ಜಯರಾಮ ಅಯ್ಯರ್ ಅವರಿಗೆ ಹೊಣೆ ವಹಿಸಿತ್ತು. ಅದಕ್ಕೂ ಮೊದಲೇ ಮೈಸೂರು ಅರಮನೆಯಲ್ಲಿ ಕರ್ನಾಟಕ ಬ್ಯಾಂಡೂ ಇತ್ತು, ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಸಿನಿಮಾದವರು ಮಾಡಿದ್ದು ಇದೇ ಕಸುಬು. ರಾಗದ ಯಾವ ಭಾಗವನ್ನು ಗುಂಪಿಗೆ ಕೊಡಬೇಕು, ಯಾವುದನ್ನು ಒಂಟಿ ವೀಣೆಗೆ ಬಿಡಬೇಕು ಎನ್ನುವ ಲೆಕ್ಕ ಅವರಿಗೆ ಕರತಲಾಮಲಕ. ಜಿ.ಕೆ. ವೆಂಕಟೇಶರ ಸಹಾಯಕರಾಗಿ ಕನ್ನಡ ಚಿತ್ರಗಳಿಗೆ ದುಡಿದ ಇಳಯರಾಜ ಅವರು 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್‌ನವರೊಂದಿಗೆ ತಮ್ಮದೇ ಸಿಂಫನಿ ಕೇಳಿಸಿದ್ದು ಆಕಸ್ಮಿಕವೇನಲ್ಲ.

ಮೊಜಾರ್ಟ್, ಸ್ಟ್ರಾಸ್ ನಮಗೆ ಪರಕೀಯರು ಎಂಬ ಗೊಣಗಾಟಕ್ಕೆ ಉತ್ತರ ಜೆ.ಸಿ. ರಸ್ತೆಯಲ್ಲಿದೆ. ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದಾಗ, ಆ ಕಛೇರಿಯ ಖರ್ಚಿಗೆ ಜಾಮೀನು ನಿಂತವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು. ಅವರು ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದವರು, ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಹೌದು. ಅವರ ಹೆಸರಿನ ರಸ್ತೆಯಲ್ಲಿ ಈಗ ಕಾರಿನ ಸೀಟ್ ಕವರು, ಹಾರ್ನು ಸಿಗುತ್ತವೆ. ಹಾರ್ನಾದರೂ ಸಿಗುತ್ತದಲ್ಲ ಎಂದು ವಾದ್ಯವೃಂದದವರು ಸಮಾಧಾನಪಡಬೇಕು.

ಅನುಕೂಲಗಳಿಗೆ ಕೊರತೆಯಿಲ್ಲ. ಬನಶಂಕರಿ ಮೂರನೇ ಹಂತದಲ್ಲಿ ಪಿಇಎಸ್, ಜಯನಗರದಲ್ಲಿ ಜೈನ್, ಬಿಟಿಎಂ ಪಕ್ಕದ ಹೊಸೂರು ರಸ್ತೆಯಲ್ಲಿ ಕ್ರೈಸ್ಟ್: ಮೂರು ವಿಶ್ವವಿದ್ಯಾಲಯಗಳು ಕೈಯಳತೆಯಲ್ಲಿವೆ. ಬೀದಿಗೊಬ್ಬರು ಪಿಟೀಲು ಮೇಷ್ಟ್ರು, ಎರಡು ಬೀದಿಗೊಂದು ಕೀಬೋರ್ಡ್ ಕ್ಲಾಸು ಇರುವ ಪ್ರದೇಶವಿದು. ಹತ್ತನೇ ತರಗತಿ ಬಂದೊಡನೆ ಅಟ್ಟ ಸೇರಿದ ವಾದ್ಯಗಳನ್ನು ಇಳಿಸಿದರೇ ಒಂದು ವಾದ್ಯವೃಂದವಾದೀತು. ಜಯನಗರದ ನ್ಯಾಷನಲ್ ಕಾಲೇಜಿನಲ್ಲಿ ಎಚ್.ಎನ್. ಕಲಾಕ್ಷೇತ್ರವಿದೆ, ಜೆ.ಪಿ. ನಗರದಲ್ಲಿ 2004ರಿಂದ ರಂಗಶಂಕರವಿದೆ. ರಂಗಶಂಕರದಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಸಿಂಫನಿಯ ನಡುವೆ ‘ಸ್ವಲ್ಪ ಜರುಗ್ರೀ’ ಎನ್ನುವವರ ಕಾಟ ಅಷ್ಟರಮಟ್ಟಿಗೆ ತಪ್ಪುತ್ತದೆ. ಆಳೆತ್ತರದ ಡಬಲ್ ಬಾಸನ್ನು ಆಟೊದಲ್ಲಿ ಸಾಗಿಸುವುದು ಹೇಗೆಂಬುದೊಂದು ಬಗೆಹರಿಯದ ಸಮಸ್ಯೆ. ಮೀಟರ್ ಮೇಲೆ ಎಷ್ಟು ಕೇಳುತ್ತಾರೋ ದೇವರೇ ಬಲ್ಲ.

ಇಂಥ ಕಛೇರಿ ಏರ್ಪಡಿಸುವ ಕುಲಸಚಿವರಿಗೂ ಸಾಂಸ್ಕೃತಿಕ ಸಮಿತಿಯವರಿಗೂ ನನ್ನ ವಿನಂತಿ ಇಷ್ಟೇ. ಕರಪತ್ರದಲ್ಲಿ ಸಿನಿಮಾದ ಹೆಸರನ್ನು ದೊಡ್ಡದಾಗಿಯೇ ಹಾಕಿ, ನಾಚಿಕೆ ಬೇಡ. ಪಕ್ಕದಲ್ಲಿ ಕೃತಿಕಾರನ ಹೆಸರೂ ಅಷ್ಟೇ ದೊಡ್ಡದಿರಲಿ. ಜನಕ್ಕೆ ಗೊತ್ತಿರುವ ಒಂದೂವರೆ ನಿಮಿಷವನ್ನು ನುಡಿಸಿ ಚಪ್ಪಾಳೆ ಗಿಟ್ಟಿಸಿ ಎದ್ದುಬಿಡಬೇಡಿ, ಉಳಿದ ಇಪ್ಪತ್ತು ನಿಮಿಷವನ್ನೂ ಹುಡುಗರಿಗೆ ಕಲಿಸಿ. ಹೊತ್ತು ಸಾಲದಿದ್ದರೆ ಸ್ವಾಗತ ಭಾಷಣ, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಹಣ್ಣಿನ ಬುಟ್ಟಿ ಇವುಗಳಲ್ಲಿ ಕತ್ತರಿಸಿ. ಮುಖ್ಯ ಅತಿಥಿಗಳನ್ನು ಕರೆಯಲೇಬೇಕಾದರೆ ಕರೆಯಿರಿ, ಮೊದಲ ಸಾಲಿನಲ್ಲೇ ಕೂರಿಸಿ. ಮೈಕನ್ನು ಮಾತ್ರ ಪಿಟೀಲುಗಳ ಮುಂದೆ ಇಡಿ.