ಹಸಿರು ವಾಯರು

ನನ್ನ ಹೆಂಡತಿಯ ಲೆಕ್ಕದಲ್ಲಿ ಬೊಬ್ರುವಾಡದ ನಮ್ಮ ಮನೆಯಲ್ಲಿ ಪರದೆಗಳು ನಾಲ್ಕು, ನೋಡಲಿಕ್ಕೆ ಬರುವುದು ಒಂದೇ. ಆ ಒಂದು ಹಾಲಿನ ಟಿವಿ. ಉಳಿದ ಮೂರನ್ನು ನಾನು ಹೊತ್ತು ತಂದದ್ದು ಒಂದು ಕೀಬೋರ್ಡಿನ ಸಲುವಾಗಿ. ಹೊರಗಿನಿಂದ ಅದು ಬರೀ ಕೀಬೋರ್ಡು, ಹೊಟ್ಟೆಯೊಳಗೆ ಇಡೀ ಕಂಪ್ಯೂಟರು. ಹುಬ್ಬಳ್ಳಿಯ ಗುಜರಿಯವನು ತಕ್ಕಡಿಗೆ ಹಾಕಿ ತೂಗಿ ಕೊಟ್ಟ. ಕಂಪ್ಯೂಟರನ್ನು ತೂಕದ ಮೇಲೆ ಕೊಂಡವನು ಅಂಕೋಲೆ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು ಎಂದು ಮನೆಗೆ ಬಂದು ಹೆಮ್ಮೆಪಟ್ಟೆ. "ಬಂಗಡೆಯನ್ನೂ ಎಣಿಸಿ ಕೊಡ್ತಾರೆ," ಎಂದಳು ಹೆಂಡತಿ.

ಅದರ ಹೆಸರು ಬಿಬಿಸಿ ಮೈಕ್ರೋ. ಆಯಿಗೆ ಬಿಬಿಸಿ ಎಂದರೆ ಇಂದಿರಾ ಗಾಂಧಿ ತೀರಿಕೊಂಡ ಸುದ್ದಿಯನ್ನು ಆಕಾಶವಾಣಿಗಿಂತ ಮೊದಲೇ ಹೇಳಿದ ರೇಡಿಯೋ. "ಮತ್ತೆ ಇದಕ್ಕೆ ಟಿವಿ ಎಂತಕ್ಕೆ ತಮ್ಮಾ?" ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಅದೇ ಬಿಬಿಸಿಯೇ ಬ್ರಿಟನ್ನಿನ ಜನರಿಗೆ ಕಂಪ್ಯೂಟರ್ ಕಲಿಸುತ್ತೇನೆಂದು ಹೊರಟು, ಕೇಂಬ್ರಿಜ್‌ನ ಏಕಾರ್ನ್ ಕಂಪನಿಯಿಂದ 1981ರಲ್ಲಿ ಮಾಡಿಸಿದ ಯಂತ್ರ ಇದು. 1984ರಲ್ಲಿ ನಮ್ಮ ಕೇಂದ್ರ ಸರ್ಕಾರಕ್ಕೂ ಅದೇ ಹುಮ್ಮಸ್ಸು ಬಂತು. 'ಕ್ಲಾಸ್' ಎಂಬ ಯೋಜನೆ ಹಾಕಿ, ಮೊದಲ ಕಂತಿನಲ್ಲಿ 250 ಶಾಲೆಗಳನ್ನು ಆರಿಸಿ, ಇವೇ ಯಂತ್ರಗಳನ್ನು ಕಳಿಸಿದರು. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್‌ನಲ್ಲಿ ಇದರದೇ ದೇಸೀ ಅವತಾರವೊಂದು 'ಯುನಿಕಾರ್ನ್' ಎಂಬ ಹೆಸರಿನಲ್ಲಿ ತಯಾರಾಗುತ್ತಿತ್ತು. ಆ ಕಾರ್ಖಾನೆಗೆ 1989ರಲ್ಲಿ ಬೆಂಕಿ ಬಿತ್ತು. ಶಾಲೆಗಳ ಕಂಪ್ಯೂಟರುಗಳು ಕಪಾಟು ಸೇರಿದವು, ಕಪಾಟಿನಿಂದ ಗುಜರಿಗೆ, ಗುಜರಿಯಿಂದ ನನ್ನಂಥವರಿಗೆ.

32 ಕೆಬಿ ಮೆಮೊರಿ. ಈಗ ವಾಟ್ಸಾಪಿನಲ್ಲಿ ಬರುವ ಒಂದು 'ಶುಭೋದಯ'ದ ಚಿತ್ರ ಅದರಲ್ಲಿ ಹಿಡಿಸುವುದಿಲ್ಲ. ಆದರೆ ಬಣ್ಣ ಎಂಟು! ಈ ಎಂಟನ್ನು ನಾನು ಬಂಡಿಹಬ್ಬಕ್ಕೆ ಬಂದಿದ್ದ ಭಾವನ ಎದುರು, ಊಟದ ಪಂಕ್ತಿಯಲ್ಲಿ, ಒಂದೊಂದಾಗಿ ಹೆಸರಿಸಿ ಹೇಳಿಬಿಟ್ಟಿದ್ದೆ. ಕಪ್ಪನ್ನೂ ಬಿಳಿಯನ್ನೂ ಬಣ್ಣದ ಲೆಕ್ಕಕ್ಕೆ ಹಿಡಿದದ್ದಕ್ಕೆ ಭಾವ ಅಲ್ಲೇ ತಕರಾರು ಎತ್ತಿದ. ಅಂದಿನಿಂದ ಇದು ಮರ್ಯಾದೆಯ ಪ್ರಶ್ನೆಯಾಯಿತು.

ಸ್ವಿಚ್ ಹಾಕಿದರೆ ಬಿಬಿಸಿ ಮೈಕ್ರೋ ಮೊದಲು ದಪ್ಪ ದನಿಯಲ್ಲಿ ಉದ್ದಕ್ಕೆ, ಆಮೇಲೆ ಸಣ್ಣ ದನಿಯಲ್ಲಿ ಚುಟುಕಾಗಿ ಕೂಗುತ್ತದೆ. ಕೂಗಿತು ಎಂದರೆ ಜೀವ ಇದೆ. ಅದು ಏನು ಹೇಳುತ್ತಿದೆ ಎಂದು ತಿಳಿಯಲು ಪರದೆ ಬೇಕು. ಬೆನ್ನಿಗೆ ಕಿಂಡಿಗಳೇನೋ ಮೂರಿವೆ. ಒಂದು ಆಂಟೆನಾ ಜಾಗಕ್ಕೆ ಚುಚ್ಚುವುದು, ಒಂದು ವಿಡಿಯೋ, ಮತ್ತೊಂದು ಆರು ಪಿನ್ನಿನ ಆರ್‌ಜಿಬಿ. ವಿಡಿಯೋ ಕಿಂಡಿಗೆ ಬೇಕಾದ ಪಿನ್ನು ಅಂಕೋಲೆ ಪೇಟೆಯ ಸಿಸಿಟಿವಿ ಅಂಗಡಿಯಲ್ಲೇ ಸಿಕ್ಕಿತು. ಕ್ಯಾಮೆರಾಗಳಿಗೆ ಹಾಕುವುದೂ ಅದನ್ನೇ. ಹಾಲಿನ ಟಿವಿಯ ಹಳದಿ ತೂತಿಗೆ ಜೋಡಿಸಿದೆ. ಅಕ್ಷರ ಮೂಡಿತು. ಭಾವನಿಗೆ ಫೋನ್ ಮಾಡುವಷ್ಟರಲ್ಲಿ, ಆ ಕಿಂಡಿಯಿಂದ ಬರುವುದು ಕಪ್ಪು-ಬಿಳುಪು ಮಾತ್ರ ಎಂದು ಓದಿ ತಿಳಿಯಿತು. ಬೋರ್ಡಿನ ಮೇಲೆ ಒಂದು ಕೊಂಡಿ ಬೆಸೆದರೆ ಬಣ್ಣವೂ ಬರುತ್ತದಂತೆ. ನನ್ನ ಬೆಸುಗೆಯ ಕೈ ಎಂಥದ್ದು ಎಂಬುದಕ್ಕೆ ನಮ್ಮ ಮಿಕ್ಸರ್ ಸಾಕ್ಷಿ ಇದೆಯಾದ್ದರಿಂದ ಆ ಉಸಾಬರಿಗೆ ಹೋಗಲಿಲ್ಲ. "ಬಣ್ಣದ ಟಿವಿಯನ್ನು ದೂರದರ್ಶನದ ಕಾಲಕ್ಕೆ ಒಯ್ದು ಕೂಡ್ರಿಸಿದ್ರಿ," ಎಂದಳು ಹೆಂಡತಿ. ಧಾರಾವಾಹಿಯ ಹೊತ್ತಾಗಿತ್ತು. ವಾಯರು ಕಿತ್ತೆ.

ಉಳಿದದ್ದು ಆರ್‌ಜಿಬಿ. ಇದರಲ್ಲಿ ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ವಾಯರು. ಯಾವ ವಾಯರಿನಲ್ಲಿ ವಿದ್ಯುತ್ ಉಂಟು, ಯಾವುದರಲ್ಲಿ ಇಲ್ಲ, ಅಷ್ಟೇ ಲೆಕ್ಕ. ಮೂರು ವಾಯರು, ಉಂಟು-ಇಲ್ಲ ಸೇರಿ ಎಂಟು ಬಣ್ಣ. ಕೆಂಪೂ ಹಸಿರೂ ಇದ್ದರೆ ಹಳದಿ, ಮೂರೂ ಇದ್ದರೆ ಬಿಳಿ. ಇಷ್ಟು ಸರಳವಾದದ್ದು ಕೆಡಲಿಕ್ಕೆ ಸಾಧ್ಯವೇ ಇಲ್ಲ ಎಂದು ಹಳೆ ವಿಜಿಎ ಮಾನಿಟರೊಂದನ್ನು ತಂದು ಜೋಡಿಸಿದೆ. 'ಔಟ್ ಆಫ್ ರೇಂಜ್' ಎಂದು ಬರೆದು ತೋರಿಸಿ ಅದು ಮಲಗಿತು.

"ಇದಕ್ಕೂ ರೇಂಜ್ ಸಿಗೂದಿಲ್ವನ?" ಎಂದು ಆಯಿ ಮರುಗಿದಳು. ಮಳೆಗಾಲದಲ್ಲಿ ನಮ್ಮಲ್ಲಿ ಫೋನಿಗೆ ರೇಂಜ್ ಬೇಕಾದರೆ ಬಾವಿಕಟ್ಟೆಗೆ ಹೋಗಬೇಕು. ಮಾನಿಟರನ್ನೂ ಒಮ್ಮೆ ಅಲ್ಲಿಗೆ ಹೊತ್ತುಕೊಂಡು ಹೋಗಿ ನೋಡು ಎಂದಳು.

ರೇಂಜಿನ ಕಥೆ ಬೇರೆಯೇ. ಟಿವಿಯ ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಸೆಕೆಂಡಿಗೆ 15,625 ಗೆರೆ. ಬಿಬಿಸಿ ಮೈಕ್ರೋ ಗೆರೆ ಎಳೆಯುವುದೂ ಅದೇ ನಡೆಯಲ್ಲಿ. 1987ರಲ್ಲಿ ಬಂದ ವಿಜಿಎಗೆ ಸುಮಾರು 31,500 ಬೇಕು. ಅದಕ್ಕಿಂತ ನಿಧಾನದವರ ಜೊತೆ ಅದು ಮಾತಾಡುವುದಿಲ್ಲ. ಇದು ಗೊತ್ತಾಗುವ ಮೊದಲೇ ನಾನು ಇನ್ನೊಂದು ಮಾನಿಟರ್ ತಂದಾಗಿತ್ತು, ಅದೂ ವಿಜಿಎ. ಮೂರನೆಯದು ಎಲ್‌ಸಿಡಿ, ಅದೂ ಅದನ್ನೇ ಹೇಳಿತು, ಸ್ವಲ್ಪ ಚಂದದ ಅಕ್ಷರದಲ್ಲಿ. ಇಶಾಡ ಮಾವಿನಕಾಯಿಯನ್ನು ಹುಲ್ಲು ಹಾಸಿ ಹಣ್ಣಿಗಿಡುವ ಕೋಣೆಯ ಮೂಲೆ ಅಷ್ಟರಲ್ಲಿ ಪೂರ್ತಿ ನನ್ನದಾಗಿತ್ತು. ಕಾಯಿಗಳು ಮಂಚದ ಅಡಿಗೆ ಹೋದವು, ಮಂಚದ ಮೇಲಿನವರ ಸಿಟ್ಟು ನೆತ್ತಿಗೇರಿತು.

ಈ ನಡುವೆ ರಜೆಗೆ ಬಂದ ಮಗಳು, "ಇದೇ ಅಲ್ಲನಾ ಅಪ್ಪಾ?" ಎಂದು ಫೋನು ಚಾಚಿದಳು. ಫೋನಿನಲ್ಲಿ ಇಡೀ ಬಿಬಿಸಿ ಮೈಕ್ರೋ, ಎಂಟೂ ಬಣ್ಣಗಳೊಂದಿಗೆ, ಕೂಗಿನ ಸಮೇತ ಓಡುತ್ತಿತ್ತು. ನಾನು ಅದನ್ನು ನೋಡಲಿಲ್ಲ ಎಂದೇ ಇಟ್ಟುಕೊಂಡೆ.

ಎರಡು ನಡೆಗಳ ನಡುವೆ ದುಭಾಷಿಯಾಗಿ ಕೂರುವ ಬೋರ್ಡೊಂದು ಆನ್‌ಲೈನಿನಲ್ಲಿ ಸಿಗುತ್ತದೆ. ನಿಧಾನದ ಗೆರೆಗಳನ್ನು ಒಳಗೆ ಹಿಡಿದಿಟ್ಟುಕೊಂಡು ವೇಗವಾಗಿ ಹೊರಗೆ ಬಿಡುತ್ತದೆ. ಬೆಲೆ ಕಂಪ್ಯೂಟರಿಗಿಂತ ಹೆಚ್ಚು. ಅದನ್ನು ತೂಕದ ಮೇಲೆ ಕೊಡುವುದಿಲ್ಲ. ಅದಕ್ಕೂ ಒಂದು ಪಥ್ಯವಿದೆ: ಬಿಬಿಸಿಯ ಸಂಕೇತ ಐದು ವೋಲ್ಟಿನ ಲೆಕ್ಕದ್ದು, ಬೋರ್ಡಿಗೆ ದಕ್ಕುವುದು 0.7 ವೋಲ್ಟ್. ನಡುವೆ ಒಂದೊಂದು ವಾಯರಿಗೂ ರೆಸಿಸ್ಟರ್ ಹಾಕಬೇಕು. ಕಾರವಾರಕ್ಕೆ ಬಸ್ಸು ಹತ್ತಿ, ರೇಡಿಯೋ ರಿಪೇರಿಯ ಅಂಗಡಿ ಹುಡುಕಿ ಕೇಳಿದೆ. ಎಂತ ರಿಪೇರಿ ಎಂದು ಅಲ್ಲಿನ ಹಿರಿಯರು ವಿಚಾರಿಸಿದರು. ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಅಂಗಡಿಯಿಂದ ಹೊರಗೆ ಬಂದು ನನ್ನನ್ನು ಸರಿಯಾಗಿ ನೋಡಿದರು. ರೆಸಿಸ್ಟರಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಸಂಜೆ ಎಲ್ಲವನ್ನೂ ಜೋಡಿಸಿ ಸ್ವಿಚ್ ಹಾಕಿದೆ. ಕೂಗಿತು. ಪರದೆಯ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ' ಎಂದು ಮೂಡಿತು, ಕಪ್ಪಿನ ಮೇಲೆ ಮುರುಗಲು ಪಾನಕದ ಬಣ್ಣದಲ್ಲಿ! ಹೆಂಡತಿ ಸೌಟು ಹಿಡಿದುಕೊಂಡೇ ಓಡಿ ಬಂದಳು. "ಎಷ್ಟು ಚಂದ ಅದೆ ಮಾರಾಯ್ರೆ," ಎಂದಳು. ಮದುವೆಯಾದಾಗಿನಿಂದ ನನ್ನ ಯಾವ ಯಂತ್ರಕ್ಕೂ ಇಂಥ ಮಾತು ಸಿಕ್ಕಿರಲಿಲ್ಲ. ವಿಡಿಯೋ ಮಾಡಿ ಭಾವನಿಗೆ ಕಳಿಸಿದೆವು. ಅವನಿಂದ ಹೆಬ್ಬೆರಳು ಬಂತು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ರಾತ್ರಿ ನಿದ್ದೆ ಹತ್ತಲಿಲ್ಲ. ಈ ಯಂತ್ರ ಎಚ್ಚರಾದಾಗ ಟೆಲಿಟೆಕ್ಸ್ಟ್ ರೀತಿಯಲ್ಲಿ, ಕಪ್ಪಿನ ಮೇಲೆ ಬಿಳಿ ಅಕ್ಷರ ಬರೆಯಬೇಕು. ಬಿಳಿಯಿಂದ ಹಸಿರನ್ನು ಕಳೆದರೆ ಉಳಿಯುವುದು ಕೆಂಪು-ನೀಲಿ, ಅಂದರೆ ಮುರುಗಲು. ಎದ್ದು ಟಾರ್ಚು ಹಿಡಿದು ನೋಡಿದೆ: ಹಸಿರು ವಾಯರು ಬೆಸುಗೆ ಬಿಟ್ಟು ನಿಂತಿತ್ತು. ಬೆಳಿಗ್ಗೆ ಗಟ್ಟಿಯಾಗಿ ಬೆಸೆದೆ. ಸ್ವಿಚ್ ಹಾಕಿದರೆ ಶುದ್ಧ ಕಪ್ಪು-ಬಿಳುಪು.

"ಬಣ್ಣ ಎಲ್ಲಿ ಹೋಯ್ತು?"

"ಈಗ ಸರಿಯಾಯ್ತು," ಎಂದೆ.

ಸರಿಯಾದದ್ದಕ್ಕೆ ಬಣ್ಣ ಹೋಯಿತು ಎಂಬುದನ್ನು ಮನೆಯವರಿಗೆ ವಿವರಿಸಿ ಹೇಳುವ ಶಾಸ್ತ್ರ ಇನ್ನೂ ಹುಟ್ಟಿಲ್ಲ. ಮೋಡ್ 2ಕ್ಕೆ ಹೋಗಿ ಎಂಟೂ ಬಣ್ಣಗಳ ಪಟ್ಟೆ ಎಳೆದು ತೋರಿಸಿದೆ. ಪೇಟೆಯ ಪೇಂಟ್ ಅಂಗಡಿಯಲ್ಲಿ ಪುಗಸಟ್ಟೆ ಕೊಡುವ ಪಟ್ಟಿಯಲ್ಲಿ ಇದಕ್ಕಿಂತ ಹೆಚ್ಚಿವೆ ಎಂದಳು. ಮಿನುಗುವ ಬಣ್ಣಗಳೂ ಇದರಲ್ಲಿವೆ ಎಂದು ಇಡೀ ಪರದೆಯನ್ನು ಮಿನುಗಿಸಿದೆ. ನಮ್ಮಲ್ಲಿ ಯಾರಿಗೆ ಹುಷಾರಿಲ್ಲ ಎಂದು ಪಕ್ಕದ ಮನೆಯ ಮಾಸ್ತರು ಬೇಲಿಯ ಆಚೆಯಿಂದ ಕೇಳಿದರು.

"ಎಂತದೂ ಬೇಡ. ಆ ಮುರುಗಲು ಬಣ್ಣವೇ ಬರಲಿ."

ಅದಕ್ಕೆ ವಾಯರು ಬಿಚ್ಚುವ ಅಗತ್ಯವೇ ಇಲ್ಲ. ಮೋಡ್ 4ಕ್ಕೆ ಹೋಗಿ 'ವಿಡಿಯು 19,1,5,0,0,0' ಎಂದು ಒತ್ತಿದರೆ ಬಿಳಿಯ ಜಾಗದಲ್ಲಿ ಅದೇ ಬಣ್ಣ ಬಂದು ಕೂರುತ್ತದೆ. ಕೆಂಪು ಉಂಟು, ನೀಲಿ ಉಂಟು, ಹಸಿರು ಇಲ್ಲ; ಕೂದಲಷ್ಟೂ ವ್ಯತ್ಯಾಸವಿಲ್ಲ. ಒತ್ತಿದೆ, ಬಂತು, ಕರೆದು ತೋರಿಸಿದೆ. ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದವಳು ತಲೆ ಓರೆ ಮಾಡಿ ನೋಡಿದಳು.

"ಇದು ಅದಲ್ಲ," ಎಂದಳು.

ಅಕ್ಷರ ಕೂಡ ಸೊರಗಿದೆ ಎಂದಳು. ಅದೊಂದು ಮಾತ್ರ ನಿಜ. ಟೆಲಿಟೆಕ್ಸ್ಟಿನ ದುಂಡು ಅಕ್ಷರಕ್ಕೆ ಬೇರೆ ಚಿಪ್ಪೇ ಇದೆ, ಮೋಡ್ 4ರಲ್ಲಿ ಅದಕ್ಕೆ ಕೆಲಸವಿಲ್ಲ. ಇದನ್ನು ವಿವರಿಸಲು ಬಾಯಿ ತೆರೆದವನು ಗಂಟೆ ನೋಡಿ ಮುಚ್ಚಿಕೊಂಡೆ. ಮಧ್ಯಾಹ್ನದ ಊಟ ಇನ್ನೂ ಆಗಿರಲಿಲ್ಲ. ಇಕ್ಕಳ ತಂದು ಹಸಿರು ವಾಯರನ್ನು ಕಿತ್ತು, ಕಂಪ್ಯೂಟರನ್ನು ಮತ್ತೆ ಶುರುಮಾಡಿದೆ. ಭಾವ ಈಗ ಗಣೇಶ ಚೌತಿಗೆ ಬರುತ್ತಾನಂತೆ, ಎಂಟೂ ಬಣ್ಣ ನೋಡಲಿಕ್ಕೆ.