ಕಿವಿ ತೋಡುವ ರಾಯರು

ಊಟ ಮುಗಿದು ಎಲೆ ಎತ್ತುವ ಹೊತ್ತಿಗೆ ರಾಯರ ಕಣ್ಣು ಅರ್ಧ ಮುಚ್ಚಿರುತ್ತದೆ. ಬಾಯಿ ಒಂದು ಕಡೆ ಸೊಟ್ಟಗಾಗಿರುತ್ತದೆ, ಎಡಗಾಲಿನ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಮಡಚಿಕೊಂಡಿರುತ್ತದೆ. ಮುಖದ ತುಂಬ ಪರಮಾನಂದ. ಧ್ಯಾನದಲ್ಲಿದ್ದಾರೆ ಎಂದುಕೊಂಡು ಕೈಮುಗಿಯಲು ಹೋಗಬೇಡಿ. ಬಲಗೈ ನೋಡಿ, ಸ್ಕೂಟರಿನ ಕೀ ಕಿವಿಯೊಳಗಿದೆ.

ಇಂಥ ರಾಯರು ಮನೆಗೊಬ್ಬರು ಇದ್ದೇ ಇರುತ್ತಾರೆ. ಕೆಲವು ಮನೆಗಳಲ್ಲಿ ಅವರು ಗೌಡರು, ಶೆಟ್ಟರು, ಪಾಟೀಲರು. ಕಿವಿ ಮಾತ್ರ ಒಂದೇ. ನೌಕರಿಯಿಂದ ನಿವೃತ್ತರಾದವರಲ್ಲಿ ಈ ತಳಿ ಸ್ವಲ್ಪ ಹೆಚ್ಚು. ಫೈಲು ತಿರುವಿಹಾಕುವಾಗ ಒಂದು ಕೈ ಖಾಲಿ ಇರುತ್ತಿತ್ತಲ್ಲ, ಆಗ ಅಂಟಿದ ಅಭ್ಯಾಸ.

ರಾಯರ ಪಾಲಿಗೆ ಲೋಕದಲ್ಲಿ ಎರಡೇ ಬಗೆಯ ವಸ್ತುಗಳು: ಕಿವಿಯೊಳಗೆ ಹೋಗುವಂಥವು, ಹೋಗದಂಥವು. ಬೆಂಕಿಕಡ್ಡಿ, ಪೆನ್ನಿನ ಕ್ಯಾಪು, ಹೇರ್‌ಪಿನ್ನು, ಊದುಬತ್ತಿ ಉರಿದು ಉಳಿದ ಕಡ್ಡಿ ಎಲ್ಲವೂ ಮೊದಲನೆಯ ಬಗೆಗೆ ಸೇರಿದವು. ಹಳ್ಳಿಗೆ ಹೋದರೆ ಕೋಳಿಪುಕ್ಕ. ಅವರ ಅಜ್ಜನ ಜನಿವಾರದಲ್ಲಿ ಪೆಟ್ಟಿಗೆಯ ಬೀಗದ ಕೈ ಜೊತೆ ಬೆಳ್ಳಿಯ ಗುಗ್ಗೆಕಡ್ಡಿಯೊಂದು ತೂಗುತ್ತಿತ್ತಂತೆ. ಅದು ಚಿಕ್ಕಪ್ಪನ ಪಾಲಿಗೆ ಹೋಯಿತು ಎಂಬ ಕೊರಗು, ಜಮೀನು ಹೋದ ಕೊರಗಿಗಿಂತ ದೊಡ್ಡದು. ಮನೆಯಾಕೆ ಸೇಫ್ಟಿಪಿನ್ನುಗಳನ್ನು ತಾಳಿಸರಕ್ಕೆ ಸಿಕ್ಕಿಸಿಕೊಂಡಿರುವುದು ಸೀರೆಗೆಂದು ನೀವು ತಿಳಿದಿರಬಹುದು. ರಾಯರ ಕೈಗೆ ಸಿಗದಿರಲಿ ಎಂದು.

ಪ್ಲಾಸ್ಟಿಕ್ ಕಡ್ಡಿಯ ಬಡ್ಸ್ ಅನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿತು. ಕಸ ಕಡಿಮೆಯಾಗಲಿ ಎಂದು ಮಾಡಿದ ಕಾನೂನು ಅದು. ರಾಯರು ಮಾತ್ರ ನೋಟು ರದ್ದಾದ ರಾತ್ರಿಗಿಂತ ಹೆಚ್ಚು ಕಂಗಾಲಾಗಿ ಅಂಗಡಿ ಅಂಗಡಿ ಸುತ್ತಿದರು. ಕಾಗದದ ಕಡ್ಡಿಯವು ಬಂದಾಗ ‘ಇದಕ್ಕೆ ಬಿಗಿ ಸಾಲದು’ ಎಂದು ಷರಾ ಬರೆದರು. ಕಿವಿಯ ಒಳಗೆ ತೂರಿಸಬೇಡಿ ಎಂದು ಬಡ್ಸ್ ಮಾರುವವರೇ ಡಬ್ಬಿಯ ಮೇಲೆ ಅಚ್ಚು ಹಾಕಿಸುತ್ತಾರೆ. ಅದು ಬೇರೆಯವರಿಗೆ ಎಂಬುದು ರಾಯರ ವ್ಯಾಖ್ಯಾನ.

ಕಿವಿ ತನ್ನನ್ನು ತಾನೇ ಚೊಕ್ಕಟ ಮಾಡಿಕೊಳ್ಳುತ್ತದೆ ಎಂದು ಯಾರಾದರೂ ಹೇಳಿದರೆ ರಾಯರಿಗೆ ಅವಮಾನವಾಗುತ್ತದೆ. ಆದರೆ ಸಂಗತಿ ಇರುವುದೇ ಹಾಗೆ. ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಗುಗ್ಗೆ ಹುಟ್ಟುವುದು ಅದರ ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ. ನಾಳದ ಚರ್ಮ ಕಿವಿತಮಟೆಯ ಕಡೆಯಿಂದ ಹೊರಕ್ಕೆ ನಿಧಾನವಾಗಿ ಸರಿಯುತ್ತಲೇ ಇರುತ್ತದೆ. ನಾವು ಅಗಿಯುವಾಗ, ಮಾತಾಡುವಾಗ ದವಡೆ ಆಡಿ ಗುಗ್ಗೆ ಸಡಿಲವಾಗಿ ಆ ಚರ್ಮದ ಜೊತೆ ಹೊರಬೀಳುತ್ತದೆ. ಧೂಳು ಹಿಡಿಯುವುದು, ನೀರು ತಡೆಯುವುದು, ಚರ್ಮ ಒಣಗದಂತೆ ಕಾಯುವುದು ಅದರ ಕೆಲಸ. ಹಾಗಾದರೆ ತಮಟೆಯ ಪಕ್ಕದಲ್ಲಿ ಗಟ್ಟಿಯಾಗಿ ಕೂತ ಗುಗ್ಗೆ ಅಲ್ಲಿಗೆ ಹೋದದ್ದು ಹೇಗೆ? ಬಹುಮಟ್ಟಿಗೆ ರಾಯರೇ ಕಳಿಸಿದ್ದು. ಅವರು ತೆಗೆದದ್ದು ಒಂದು ಚೂರು, ಒಳಗೆ ಜಡಿದದ್ದು ಒಂದು ಹಿಡಿ. ನಡುನಡುವೆ ಅವರಿಗೆ ಕೆಮ್ಮು ಬರುತ್ತದೆ. ಶ್ವಾಸಕೋಶದವರೆಗೂ ಹೋಗುವ ವೇಗಸ್ ನರದ ಒಂದು ಎಳೆ ಕಿವಿಯ ನಾಳದಲ್ಲಿದೆ, ಅದನ್ನು ಕೆಣಕಿದರೆ ಕೆಮ್ಮು. ‘ಥಂಡಿ ಹಿಡಿದಿದೆ ಕಣೇ, ಕಷಾಯ ಮಾಡು’ ಎನ್ನುತ್ತಾರೆ, ಕೀ ತೆಗೆಯದೆ.

ಈ ಸಲ ನರಕ ಚತುರ್ದಶಿಯ ಎಣ್ಣೆಸ್ನಾನ ಮುಗಿಸಿ ಬಂದವರೇ ತಲೆ ಕೊಡವಿದರು. ಬಲಗಿವಿ ಗುಂಯ್ ಎಂದು ಮುಚ್ಚಿಹೋಗಿತ್ತು. ಒಳಗೆ ಜಡಿದ ಗುಗ್ಗೆ ನೀರು ಕುಡಿದು ಉಬ್ಬಿದರೆ ಹೀಗಾಗುತ್ತದೆ. ತಮ್ಮ ಮಾತು ತಮಗೆ ದೊಡ್ಡದಾಗಿ, ಬೇರೆಯವರ ಮಾತು ಸಣ್ಣದಾಗಿ ಕೇಳತೊಡಗಿತು. (ಮನೆಯವರ ಪ್ರಕಾರ ಇದು ಹೊಸ ಲಕ್ಷಣವೇನಲ್ಲ.)

ಹಬ್ಬಕ್ಕೆ ಬಂದಿದ್ದ ಅಳಿಯ ಆನ್‌ಲೈನಿನಲ್ಲಿ ತರಿಸಿದ್ದ ಕ್ಯಾಮೆರಾ ಕಡ್ಡಿ ತೆಗೆದ. ಮಾವನವರ ಕಿವಿ ಟಿವಿಯ ಮೇಲೆ ಮೂಡಿತು. ಬೀಗರು ಹೋಳಿಗೆ ತಟ್ಟೆಯನ್ನು ಪಕ್ಕಕ್ಕಿಟ್ಟರು. ಕಿವಿಗೆ ಮೇಣದಬತ್ತಿ ಹಚ್ಚಿ ಗುಗ್ಗೆ ಸೆಳೆಯುವ ವಿಡಿಯೊ ಒಂದನ್ನೂ ತೋರಿಸಿದ. ಆ ಬತ್ತಿ ಏನನ್ನೂ ಸೆಳೆಯುವುದಿಲ್ಲ, ಕೊನೆಯಲ್ಲಿ ಅದರೊಳಗೆ ಸಿಗುವುದು ಅದರದೇ ಮೇಣ. ಮೇಲಿಂದ ಕಿವಿ ಸುಡುವ ಅಪಾಯ ಬೇರೆ. ‘ದೀಪಾವಳಿ ಸರಿ, ಅವರ ಕಿವೀಲಿ ಬೇಡಪ್ಪ’ ಎಂದು ಅತ್ತೆಯವರು ತಡೆದರು.

ರಾಯರು ಯಾರಿಗೂ ಹೇಳದೆ ಬಚ್ಚಲಿಗೆ ಹೋಗಿ, ಮೊಮ್ಮಗನ ಔಷಧಿಯ ಸಿರಿಂಜಿಗೆ ನಲ್ಲಿಯ ತಣ್ಣೀರು ತುಂಬಿ ಕಿವಿಗೆ ಪಿಚಕಾರಿ ಹೊಡೆದರು. ಗೋಡೆ, ಗೀಸರು, ಬಕೆಟ್ಟು ಒಟ್ಟಿಗೆ ತಿರುಗತೊಡಗಿದವು. ಮೈಯ ಬಿಸಿಗಿಂತ ತಣ್ಣಗಿನ ಅಥವಾ ಬಿಸಿಯಾದ ನೀರು ಕಿವಿಗೆ ಬಿದ್ದರೆ, ಒಳಗಿವಿಯ ಸಮತೋಲದ ಯಂತ್ರ ಏರುಪೇರಾಗಿ ತಲೆ ಸುತ್ತುತ್ತದೆ. ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ ಇದನ್ನು ರೋಗಿಗಳಲ್ಲಿ ಗಮನಿಸಿ, ಕಾರಣ ಹುಡುಕುತ್ತ ಹೋಗಿ 1914ರ ನೊಬೆಲ್ ಪಡೆದ. ಅದೇ ಪ್ರಯೋಗ ಮಾಡಿದ ನಮ್ಮ ರಾಯರಿಗೆ ಸಿಕ್ಕಿದ್ದು ಉಪ್ಪು ಹಾಕಿದ ನಿಂಬೆಹಣ್ಣಿನ ಪಾನಕ.

ಮರುದಿನ ಡಾಕ್ಟರು ಕೇಳಿದರು, ‘ಕಿವಿಗೆ ಏನಾದ್ರೂ ಹಾಕಿದ್ರಾ ಸಾರ್?’

‘ಏನೂ ಇಲ್ಲ’ ಎಂದರು ರಾಯರು. ಜೇಬಿನಲ್ಲಿ ಕೀಗೊಂಚಲು ಗಲಗಲ ಎಂದಿತು.

ತಮಟೆಯಲ್ಲಿ ತೂತಿಲ್ಲ ಎಂದು ಖಾತ್ರಿ ಮಾಡಿಕೊಂಡು ಡಾಕ್ಟರು ಕೊಟ್ಟ ಚಿಕಿತ್ಸೆ ಇಷ್ಟೇ: ಗುಗ್ಗೆ ಮೆತ್ತಗಾಗುವ ಹನಿ, ದಿನಕ್ಕೆ ಎರಡು ಸಲ, ಎರಡು ಮೂರು ತೊಟ್ಟು, ನಾಲ್ಕು ದಿನ. ಕಟ್ಟಿದ ಕಿವಿ ಮೇಲಾಗಿ ಐದು ನಿಮಿಷ ಮಲಗಬೇಕು. ಮೆಡಿಕಲ್ ಅಂಗಡಿಯ ಹನಿ ಬೇಡವೆಂದರೆ ಆಲಿವ್ ಎಣ್ಣೆಯೂ ಆದೀತು. ಬಿಸಿ ಮಾಡಿದ ಬೆಳ್ಳುಳ್ಳಿ ಎಣ್ಣೆ ಮಾತ್ರ ಬೇಡ.

‘ಆಮೇಲೆ ನಾನೇನು ಮಾಡಬೇಕು?’

‘ಏನೂ ಮಾಡಬಾರದು.’

ಇಡೀ ಚಿಕಿತ್ಸೆಯಲ್ಲಿ ರಾಯರಿಗೆ ಕಹಿಯಾದದ್ದು ಅದೊಂದೇ. ಕಟ್ಟಿದ ಕಿವಿ ಮೇಲೆ, ಕೇಳುವ ಕಿವಿ ದಿಂಬಿನೊಳಗೆ. ಆ ಐದು ನಿಮಿಷ ಅವರಿಗೆ ಲೋಕದ ಸದ್ದೇ ಇಲ್ಲ. ಮದುವೆಯಾದಾಗಿನಿಂದ ಹೇಳಬೇಕೆಂದು ಇಟ್ಟುಕೊಂಡದ್ದನ್ನೆಲ್ಲ ಮನೆಯಾಕೆ ಬೆಳಗೊಂದಿಷ್ಟು ಸಂಜೆಯೊಂದಿಷ್ಟು ಎಂದು ಹೇಳಿ ಹಗುರಾದರು. ನಾಲ್ಕು ದಿನ ಸಾಲಲಿಲ್ಲ ಎಂಬುದು ಅವರ ದೂರು.

ಮೆತ್ತಗಾಗಿ ಉಳಿದದ್ದನ್ನು ಡಾಕ್ಟರು ಸಣ್ಣ ಕೊಳವೆಯಿಂದ ಹೀರಿ ತೆಗೆದರು. ಮೊದಲು ಕೇಳಿಸಿದ್ದು ನರ್ಸ್ ಚಪ್ಪಲಿಯ ಸದ್ದು, ಆಮೇಲೆ ಬಿಲ್ಲಿನ ಮೊತ್ತ. ವಾರ ಕಳೆಯುವಷ್ಟರಲ್ಲಿ ಕಿವಿ ತುರಿಸುತ್ತಿದೆ ಎಂದು ಬೆರಳು ಮತ್ತೆ ಮೇಲೇರುತ್ತಿದೆ. ಕೆರೆದಷ್ಟೂ ಚರ್ಮ ಒಣಗಿ ತುರಿಕೆ ಹೆಚ್ಚುತ್ತದೆ ಎಂದು ಹೇಳಿದ್ದು ಅವರಿಗೆ ಕೇಳಿಸಿಲ್ಲ, ಈಗ ಎರಡೂ ಕಿವಿ ಸರಿಯಾಗಿದ್ದರೂ.

ಎಣ್ಣೆ ಎಲ್ಲ ಕಿವಿಗೂ ಸಲ್ಲದು ಎಂಬುದನ್ನೂ ಹೇಳಿಬಿಡುತ್ತೇನೆ. ಕಿವಿ ಸೋರುತ್ತಿದ್ದರೆ, ನೋಯುತ್ತಿದ್ದರೆ, ತಮಟೆ ತೂತಾಗಿದ್ದರೆ, ಹಿಂದೆ ಆಪರೇಷನ್ ಆಗಿದ್ದರೆ ಒಂದು ತೊಟ್ಟನ್ನೂ ಹಾಕದೆ ನೆಟ್ಟಗೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಉಳಿದಂತೆ ನಿಮ್ಮ ಮನೆಯ ರಾಯರ ಕೈಗೆ ಬೇರೆ ಕೆಲಸ ಕೊಡಿ. ಹೇಗೂ ಅವರೆಕಾಯಿ ಕಾಲ ಬರುತ್ತಿದೆ, ಹಿದುಕಲು ಕೂರಿಸಿ. ಅದಕ್ಕೆ ಎರಡೂ ಕೈ ಬೇಕು.